ಬೆಟ್ಟದ ಮಣ್ಣಿನ ವಿಕಿರಣ ಅಳೆಯುವುದು ಹೇಗೆ? ಗುದ್ದಲಿ ಹಿಡಿಯುವುದರಿಂದ ಅಂಕಿ ಓದುವವರೆಗೆ

ವಿಕಿರಣ ತಾಗಿದಾಗಲೆಲ್ಲ ಟಿಕ್ ಅನ್ನುವ ಗೈಗರ್ ಕೌಂಟರ್ ಹಿಡಿದು ಬೆಟ್ಟ ಹತ್ತಿದರೆ ಮೇಲೆ ಹೋದ ಹಾಗೆ ಅದರ ಟಿಕ್‌ಟಿಕ್ ಜಾಸ್ತಿಯಾಗುತ್ತದೆ. ಎಷ್ಟೋ ಜನ ಇದನ್ನು ನೋಡಿ "ಈ ಬೆಟ್ಟದ ಮಣ್ಣಲ್ಲಿ ಏನೋ ಇದೆ" ಅಂದುಕೊಳ್ಳುತ್ತಾರೆ. ಮಣ್ಣಲ್ಲಿ ಇರುವುದು ನಿಜ. ಆದರೆ ಆ ಸದ್ದಿನಲ್ಲಿ ಮಣ್ಣಿನ ಪಾಲೆಷ್ಟು, ಪಕ್ಕದ ಬಂಡೆಯದೆಷ್ಟು, ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳದ್ದೆಷ್ಟು ಅಂತ ಆ ಪುಟ್ಟ ಪೆಟ್ಟಿಗೆ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಮಣ್ಣು ಅಗೆದು ತಂದು, ಒಣಗಿಸಿ, ಗಾಮಾ ಕಿರಣಗಳನ್ನು ಅವುಗಳ ಶಕ್ತಿಯ ಪ್ರಕಾರ ವಿಂಗಡಿಸಿ ಎಣಿಸುವ ಗಾಮಾ ಸ್ಪೆಕ್ಟ್ರೋಮೀಟರಿನಲ್ಲಿ ಇಡಬೇಕು.

ಪರಿಸರ ವಿಜ್ಞಾನ, ಭೂವಿಜ್ಞಾನ, ಭೌತವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ, ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರುಗಳಿಗೆ, ಮನೆಯಲ್ಲೇ ಒಂದು ಸಣ್ಣ ಸಿಂಟಿಲೇಷನ್ ಡಿಟೆಕ್ಟರ್ (ಕಿರಣ ತಾಗಿದಾಗ ಮಿನುಗುವ ಹರಳಿನ ಯಂತ್ರ) ಇಟ್ಟುಕೊಂಡ ಹವ್ಯಾಸಿಗಳಿಗೆ ಉಪಯೋಗವಾಗಲಿ ಅಂತ ಇದನ್ನು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಲೆಕ್ಕ ಕೆಡುವುದು ದುಬಾರಿ ಯಂತ್ರದಲ್ಲಿ ಕಡಿಮೆ, ಅಗೆಯುವ ಜಾಗದಲ್ಲಿ ಜಾಸ್ತಿ. ಹಾಗಾಗಿ ಅಗೆಯುವುದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಹುಡುಕುತ್ತಿರುವುದು ಏನನ್ನು?

ಬೆಟ್ಟದ ಮಣ್ಣಿಗೆ ವಿಕಿರಣಶೀಲ ವಸ್ತು ಎರಡು ದಾರಿಯಲ್ಲಿ ಸೇರುತ್ತದೆ. ಒಂದು ಕೆಳಗಿನಿಂದ, ಬಂಡೆ ಸವೆದು. ಇನ್ನೊಂದು ಮೇಲಿನಿಂದ, ಮಳೆ, ಹಿಮ, ಮಂಜು, ಧೂಳಿನ ಜೊತೆ. ಈ ವಿಂಗಡಣೆ ತಲೆಯಲ್ಲಿದ್ದರೆ ಮುಂದಿನ ಅರ್ಧ ಕೆಲಸ ಸುಲಭ.

ಕೆಳಗಿನಿಂದ ಬರುವವು ಮೂರು. ಪೊಟ್ಯಾಶಿಯಂ-40, ಇದರ ಅರ್ಧಾಯು, ಅಂದರೆ ಇದ್ದದ್ದು ಒಡೆದು ಅರ್ಧವಾಗಲು ಬೇಕಾದ ಕಾಲ, ಸುಮಾರು 125 ಕೋಟಿ ವರ್ಷ. ಯುರೇನಿಯಂ-238 ಮತ್ತು ಅದರ ಸಂತತಿ (ಅದು ಒಡೆದಾಗ ಒಂದರಿಂದ ಒಂದು ಹುಟ್ಟುವ ವಿಕಿರಣಶೀಲ ವಸ್ತುಗಳು), 447 ಕೋಟಿ ವರ್ಷ. ಥೋರಿಯಂ-232 ಮತ್ತು ಅದರ ಸಂತತಿ, ಸುಮಾರು 1,400 ಕೋಟಿ ವರ್ಷ. ಭೂಮಿ ಹುಟ್ಟಿದಾಗಿನಿಂದ ಇರುವವು ಇವು. ಗ್ರಾನೈಟ್ ಬೆಟ್ಟದಲ್ಲಿ ಮೂರೂ ಜಾಸ್ತಿ, ಸುಣ್ಣದ ಕಲ್ಲು ಮತ್ತು ಬಸಾಲ್ಟ್ ಇರುವಲ್ಲಿ ಕಡಿಮೆ. ಪೊಟ್ಯಾಶಿಯಂ ಅಂಕಿ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಮಣ್ಣಿನಲ್ಲಿ ಶೇ 1ರಷ್ಟು ಪೊಟ್ಯಾಶಿಯಂ ಇದ್ದರೂ ಕಿಲೋಗೆ ಸುಮಾರು 313 ಬೆಕರೆಲ್ ಆಗುತ್ತದೆ. ಬೆಕರೆಲ್ ಅಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು, ಅಷ್ಟೇ.

ಮೇಲಿನಿಂದ ಬಂದವುಗಳಲ್ಲಿ ಮುಖ್ಯವಾದದ್ದು ಸೀಸಿಯಂ-137. ಅರ್ಧಾಯು 30 ವರ್ಷ. ಇದು ಪ್ರಕೃತಿಯದ್ದಲ್ಲ, ಯುರೇನಿಯಂ ಅಥವಾ ಪ್ಲುಟೋನಿಯಂ ಸೀಳಿದಾಗ ಹುಟ್ಟುವುದು. 1945ರಿಂದ 1980ರವರೆಗೆ ಗಾಳಿಯಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳಿಂದ ಇದು ಇಡೀ ಜಗತ್ತಿನ ಮೇಲೆ ಬಿದ್ದಿದೆ. 1961 ಮತ್ತು 1962ರ ದೊಡ್ಡ ಪರೀಕ್ಷೆಗಳ ನಂತರ, 1963ರಲ್ಲಿ ಬಿದ್ದದ್ದು ಅತಿ ಹೆಚ್ಚು. ಆಮೇಲೆ 1986ರ ಏಪ್ರಿಲ್ 26ರಂದು ಚೆರ್ನೋಬಿಲ್, 2011ರ ಮಾರ್ಚ್‌ನಲ್ಲಿ ಫುಕುಶಿಮಾ. ಸ್ಟ್ರಾನ್ಷಿಯಂ-90, ಪ್ಲುಟೋನಿಯಂ, ಅಮೆರಿಸಿಯಂ-241 ಕೂಡ ಮೇಲಿನಿಂದಲೇ ಬಂದವು, ಆದರೆ ಪ್ರಮಾಣ ಕಡಿಮೆ.

ಇಲ್ಲೊಂದು ಸೂಕ್ಷ್ಮವಿದೆ. ಮೇಲಿನಿಂದ ಬಂದದ್ದೆಲ್ಲ ಕೃತಕ ಅಲ್ಲ. ಕಾಸ್ಮಿಕ್ ಕಿರಣಗಳು ಗಾಳಿಯಲ್ಲಿ ಬೆರಿಲಿಯಂ-7 ಹುಟ್ಟಿಸುತ್ತವೆ, ಅದು ಮಳೆಯಲ್ಲಿ ಇಳಿಯುತ್ತದೆ, 53 ದಿನಕ್ಕೆ ಅರ್ಧವಾಗುತ್ತದೆ. ನೆಲದಿಂದ ಮೇಲೆದ್ದ ರೇಡಾನ್ ಅನಿಲ ಗಾಳಿಯಲ್ಲೇ ಒಡೆದು, ಕೊನೆಗೆ ಸೀಸ-210 ಆಗಿ ವಾಪಸ್ ನೆಲಕ್ಕೆ ಬೀಳುತ್ತದೆ. ಮೇಲ್ಪದರದಲ್ಲಿ ಸೀಸ-210 ಜಾಸ್ತಿ ಕಂಡಿತು ಅಂತ ಅಣು ಸ್ಥಾವರವನ್ನು ದೂರಬೇಡಿ.

ಬೆಟ್ಟಕ್ಕೇ ಯಾಕೆ ಜಾಸ್ತಿ?

ಮೋಡ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಮಳೆ ಸುರಿಸುತ್ತದೆ. ಹೆಚ್ಚು ಮಳೆ ಅಂದರೆ ಗಾಳಿಯಲ್ಲಿರುವ ಸೀಸಿಯಂ ಹೆಚ್ಚು ತೊಳೆದು ನೆಲಕ್ಕೆ ಬೀಳುವುದು ಅಂತ ಅರ್ಥ. ಹಿಮ ಬೀಳುವ ಕಡೆ ಇನ್ನೊಂದು ತೊಡಕು. ಸೀಸಿಯಂ ಹಿಮದ ಮೇಲೆ ಕೂತಿರುತ್ತದೆ, ಗಾಳಿ ಆ ಹಿಮವನ್ನು ದಿಬ್ಬದಿಂದ ಗುಡಿಸಿ ತಗ್ಗಿಗೆ ತುಂಬುತ್ತದೆ, ಕರಗಿದಾಗ ನೀರು ಇನ್ನೂ ತಗ್ಗಿಗೆ ಹರಿಯುತ್ತದೆ. ಚೆರ್ನೋಬಿಲ್ ನಂತರ ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಇದೇ ಆಯಿತು. ಕೆಲವೇ ಮೀಟರ್ ಅಂತರದ ಎರಡು ಜಾಗಗಳಲ್ಲಿ ಸೀಸಿಯಂ ಹತ್ತಾರು ಪಟ್ಟು ವ್ಯತ್ಯಾಸ ತೋರಿಸಿದ್ದುಂಟು.

ಬಿದ್ದ ಮೇಲೆ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಜೇಡಿಮಣ್ಣು ನಿರ್ಧರಿಸುತ್ತದೆ. ಇಲ್ಲೈಟ್ ಜಾತಿಯ ಜೇಡಿಯ ಪದರಗಳ ಅಂಚಿನಲ್ಲಿ ಸೀಸಿಯಂ ಸಿಕ್ಕಿಕೊಂಡರೆ ಬಿಡಿಸಿಕೊಂಡು ಬರುವುದು ಕಷ್ಟ. ಜೇಡಿ ಕಡಿಮೆ ಇದ್ದು ಕೊಳೆತ ಸಸ್ಯದ ಕಪ್ಪು ಮಣ್ಣೇ ತುಂಬಿರುವ, ಹುಳಿ ಗುಣದ ಬೆಟ್ಟಗಳಲ್ಲಿ ಅದು ಬೇರಿಗೆ ಸಿಗುತ್ತಲೇ ಇರುತ್ತದೆ. 1986ರ ಜೂನ್‌ನಲ್ಲಿ ಬ್ರಿಟನ್ನಿನ ಕುಂಬ್ರಿಯಾ, ಉತ್ತರ ವೇಲ್ಸ್, ಸ್ಕಾಟ್ಲೆಂಡ್ ಬೆಟ್ಟಗಳ ಕುರಿ ಮಾರಾಟಕ್ಕೆ ಕಟ್ಟುಪಾಡು ಹಾಕಿದರು. ಮಾಂಸದಲ್ಲಿ ಕಿಲೋಗೆ 1,000 ಬೆಕರೆಲ್ ದಾಟಬಾರದು ಅಂತ. ಕೆಲವು ವಾರಗಳಲ್ಲಿ ಮುಗಿಯುತ್ತದೆ ಅಂತ ಮೊದಲು ಹೇಳಿದ್ದರು. ಕೊನೆಯ ಕಟ್ಟುಪಾಡು ತೆಗೆದದ್ದು 2012ರಲ್ಲಿ. ತಗ್ಗಿನ ಜೇಡಿಮಣ್ಣಿನ ಹೊಲಗಳ ಅನುಭವ ಇಟ್ಟುಕೊಂಡು ಬೆಟ್ಟದ ಮಣ್ಣಿಗೆ ಭವಿಷ್ಯ ಹೇಳಿದ್ದರ ಫಲ ಇದು.

ಹಂತ 1: ಜಾಗ ಆರಿಸುವುದು

ಮೊದಲು ಪ್ರಶ್ನೆ ಖಚಿತ ಮಾಡಿಕೊಳ್ಳಿ. ಬಂಡೆಯಿಂದ ಬಂದ ವಿಕಿರಣ ಎಷ್ಟು ಅಂತ ನೋಡಬೇಕಾ? ಹಾಗಾದರೆ ಭೂವಿಜ್ಞಾನ ನಕ್ಷೆ ಮುಂದಿಟ್ಟುಕೊಂಡು, ಪ್ರತಿ ಬಗೆಯ ಬಂಡೆಯ ಮೇಲೂ ಒಂದಷ್ಟು ಜಾಗ ಗುರುತಿಸಿ. ಮೇಲಿನಿಂದ ಬಿದ್ದದ್ದು ಎಷ್ಟು ಅಂತ ನೋಡಬೇಕಾ? ಆಗ ಎತ್ತರ, ಮಳೆ, ಇಳಿಜಾರು ಮುಖ್ಯ. ಎರಡನ್ನೂ ಒಂದೇ ಸಲ ಮಾಡಬಹುದು, ಆದರೆ ಜಾಗ ಆರಿಸುವಾಗ ಯಾವುದು ಮುಖ್ಯ ಅಂತ ಗೊತ್ತಿರಲಿ.

ಸೀಸಿಯಂ ನೋಡುವುದಾದರೆ 1950ರ ದಶಕದಿಂದೀಚೆಗೆ ಯಾರೂ ಉಳದ, ಕೆದಕದ, ಮಣ್ಣು ತಂದು ಸುರಿಯದ ಸಮತಟ್ಟು ಹುಲ್ಲುಗಾವಲು ಬೇಕು. ಬೆಟ್ಟದಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಸಿಕ್ಕರೂ ಅದು ದಿಬ್ಬದ ನೆತ್ತಿಯಲ್ಲಿದ್ದರೆ ಗಾಳಿ ಹಿಮವನ್ನೂ ಧೂಳನ್ನೂ ಹಾರಿಸಿಕೊಂಡು ಹೋಗಿರುತ್ತದೆ, ಬಟ್ಟಲಿನಂಥ ತಗ್ಗಾದರೆ ಸುತ್ತಲಿನದೆಲ್ಲ ಬಂದು ಸೇರಿರುತ್ತದೆ. ಎರಡರ ನಡುವಿನ ಅಗಲವಾದ ಮೆಟ್ಟಿಲಿನಂಥ ಜಾಗ ಹುಡುಕಿ. ಮರದ ಬುಡ ಬೇಡ, ಕಾಂಡದ ಮೇಲೆ ಹರಿದ ಮಳೆನೀರು ಅಲ್ಲಿ ಸೀಸಿಯಂ ಕೂಡಿಹಾಕಿರುತ್ತದೆ. ದನ ಮಲಗುವ ಜಾಗ, ಕಾಲುದಾರಿ, ಹಳೇ ಇದ್ದಿಲು ಗುಂಡಿ ಕೂಡ ಬೇಡ.

ಒಂದೇ ಗುಂಡಿ ನಂಬಬೇಡಿ. ಸಮ ಅನ್ನಿಸುವ ಹುಲ್ಲುಗಾವಲಿನಲ್ಲೂ ಹತ್ತು ಹೆಜ್ಜೆ ಆಚೀಚೆ ಅಗೆದರೆ ಸೀಸಿಯಂ ಅಂಕಿ ಶೇ 20–30 ವ್ಯತ್ಯಾಸವಾಗುವುದು ಮಾಮೂಲು. ಒಂದು ತಾಣಕ್ಕೆ ಹತ್ತು ಗುಂಡಿಯಾದರೂ ಇರಲಿ. ಯಂತ್ರದ ಸಮಯ ಸಾಲದಿದ್ದರೆ ಒಂದೇ ಆಳದ ಮಣ್ಣನ್ನು ಸೇರಿಸಿ ಕಲಸಬಹುದು, ಆದರೆ ಎರಡು ಮೂರು ಗುಂಡಿಯದನ್ನಾದರೂ ಬೇರೆ ಬೇರೆ ಅಳೆಯಿರಿ. ಇಲ್ಲದಿದ್ದರೆ ಜಾಗದಿಂದ ಜಾಗಕ್ಕೆ ಎಷ್ಟು ವ್ಯತ್ಯಾಸ ಅಂತ ಎಂದೂ ಗೊತ್ತಾಗುವುದಿಲ್ಲ.

ರಕ್ಷಿತ ಅರಣ್ಯ, ರಾಷ್ಟ್ರೀಯ ಉದ್ಯಾನವಾದರೆ ಅಗೆಯುವ ಮುಂಚೆ ಬರವಣಿಗೆಯಲ್ಲಿ ಅನುಮತಿ ತೆಗೆದುಕೊಳ್ಳಿ.

ಹಂತ 2: ಅಗೆಯುವುದು

ಕೊಳವೆ ತೂರಿಸಿ ಮಣ್ಣು ತೆಗೆಯುವ ಕೋರರ್ ಹೊಲಕ್ಕೆ ಚೆಂದ. ಬೆಟ್ಟದ ಕಲ್ಲುಮಣ್ಣಿನಲ್ಲಿ ಅದು ಮೊದಲ ಕಲ್ಲಿಗೇ ನಿಲ್ಲುತ್ತದೆ. ಸುತ್ತಿಗೆಯಲ್ಲಿ ಬಡಿದು ಇಳಿಸಿದರೆ ಒಳಗಿನ ಮಣ್ಣು ಒತ್ತಿಕೊಂಡು ಗಿಡ್ಡವಾಗುತ್ತದೆ. 20 ಸೆಂಟಿಮೀಟರ್ ಗುಂಡಿಯಿಂದ 15 ಸೆಂಟಿಮೀಟರ್ ಮಣ್ಣು ಬಂದರೆ ಯಾವ ಪದರ ಎಲ್ಲಿಯದು ಅಂತ ಹೇಳುವುದು ಹೇಗೆ? ಕೋರರ್ ಬಳಸಲೇಬೇಕೆಂದರೆ ಗುಂಡಿಯ ಆಳವನ್ನೂ ಬಂದ ಮಣ್ಣಿನ ಉದ್ದವನ್ನೂ ಎರಡನ್ನೂ ಅಳೆದು ಬರೆದುಕೊಳ್ಳಿ.

ನಾನು ಚೌಕಟ್ಟಿನ ಪಕ್ಷ. 20 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಕಬ್ಬಿಣದ ಚೌಕಟ್ಟನ್ನು ನೆಲದ ಮೇಲಿಟ್ಟು ಮೊಳೆ ಹೊಡೆದು ಕೂರಿಸಿ. ಹುಲ್ಲನ್ನು ಬುಡಕ್ಕೆ ಕತ್ತರಿಸಿ ಒಂದು ಚೀಲಕ್ಕೆ, ತರಗೆಲೆಯನ್ನು ಇನ್ನೊಂದು ಚೀಲಕ್ಕೆ ಹಾಕಿ. ಆಮೇಲೆ ಕರಣೆಯಿಂದ ಪದರ ಪದರವಾಗಿ ಕೆರೆದು ತೆಗೆಯಿರಿ. 0–2, 2–5, 5–10, 10–20 ಸೆಂಟಿಮೀಟರ್, ಹೀಗೆ. ಮೇಲೆ ತೆಳು ಪದರ, ಕೆಳಗೆ ದಪ್ಪ. ಸೀಸಿಯಂನ ಬಹುಪಾಲು ಮೇಲಿನ 10–15 ಸೆಂಟಿಮೀಟರಿನಲ್ಲೇ ಇರುವುದರಿಂದ ಅಲ್ಲಿ ನಾಜೂಕಾಗಿ ಕತ್ತರಿಸಬೇಕು.

ಪ್ರತಿ ಪದರ ತೆಗೆದ ಮೇಲೆ ಮಾಡಲೇಬೇಕಾದ ಕೆಲಸವೊಂದಿದೆ, ಹೆಚ್ಚಿನವರು ಬಿಡುವುದು ಇದನ್ನೇ. ಗುಂಡಿಯ ಗೋಡೆಯಿಂದ ಉದುರಿದ ಮೇಲ್ಮಣ್ಣನ್ನು ಬ್ರಷ್ಷಿನಿಂದ ಗುಡಿಸಿ ತೆಗೆಯಬೇಕು, ಕರಣೆಯನ್ನು ಒರೆಸಬೇಕು. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಮೂವತ್ತು ಪಟ್ಟು ಸೀಸಿಯಂ ಇದ್ದಾಗ, ಒಂದು ಹಿಡಿ ಉದುರಿದರೂ ಕೆಳಗಿನ ಪದರದ ಅಂಕಿ ಸುಳ್ಳಾಗುತ್ತದೆ. ಸೀಸಿಯಂ ಆಳಕ್ಕೆ ಇಳಿದಿದೆ ಅಂತ ಬರೆದ ಎಷ್ಟೋ ವಿದ್ಯಾರ್ಥಿ ವರದಿಗಳಲ್ಲಿ ಇಳಿದಿರುವುದು ಕರಣೆಗೆ ಅಂಟಿದ ಮಣ್ಣು.

ಕಲ್ಲುಗಳನ್ನು ಅಲ್ಲೇ ಎಸೆಯಬೇಡಿ. ಎಲ್ಲವನ್ನೂ ಚೀಲಕ್ಕೆ ತುಂಬಿ, ತೂಕ ಬೇಕಾಗುತ್ತದೆ. ಚೀಲದ ಒಳಗೊಂದು, ಹೊರಗೊಂದು ಚೀಟಿ ಇರಲಿ. ಜಿಪಿಎಸ್ ಸ್ಥಾನ, ಎತ್ತರ, ಇಳಿಜಾರಿನ ಕೋನ, ಇಳಿಜಾರು ಯಾವ ದಿಕ್ಕಿಗಿದೆ, ಆಳ, ದಿನಾಂಕ ಬರೆಯಿರಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಒದ್ದೆ ಮಣ್ಣಿನಲ್ಲಿ ಪೆನ್ನಿನ ಶಾಯಿ ನಿಲ್ಲುವುದಿಲ್ಲ.

ಅಗೆಯುವ ಮುಂಚೆ ಅದೇ ಜಾಗದಲ್ಲಿ ನೆಲದಿಂದ 1 ಮೀಟರ್ ಎತ್ತರದಲ್ಲಿ ಡೋಸ್ ದರ, ಅಂದರೆ ಗಂಟೆಗೆ ಎಷ್ಟು ವಿಕಿರಣ ತಾಗುತ್ತದೆ ಅನ್ನುವುದನ್ನು, ಅಳೆದಿಟ್ಟುಕೊಳ್ಳಿ. ಮಳೆ ಬಿದ್ದ ಕೂಡಲೇ ಬೇಡ. ಗಾಳಿಯಲ್ಲಿದ್ದ ರೇಡಾನ್ ಸಂತತಿಯಾದ ಸೀಸ-214, ಬಿಸ್ಮತ್-214 ಮಳೆಯಲ್ಲಿ ತೊಳೆದು ಬಂದು ಅಂಕಿಯನ್ನು ಏರಿಸುತ್ತವೆ. ಇವುಗಳ ಅರ್ಧಾಯು 27 ಮತ್ತು 20 ನಿಮಿಷ, ಹಾಗಾಗಿ ಮಳೆ ನಿಂತು ಮೂರು ಗಂಟೆ ಕಾದರೆ ಸಾಕು. ಹಿಮ ಹೊದ್ದ ನೆಲ, ನೀರು ಕುಡಿದ ನೆಲ ಎರಡೂ ಅಂಕಿ ಇಳಿಸುತ್ತವೆ. ಕಡಿದಾದ ಗ್ರಾನೈಟ್ ಕಣಿವೆಯಲ್ಲಿ ಎರಡೂ ಬದಿಯ ಗೋಡೆಗಳಿಂದ ಗಾಮಾ ಬರುವುದರಿಂದ ಬಯಲಿಗಿಂತ ಜಾಸ್ತಿ ತೋರಿಸುತ್ತದೆ. ಇನ್ನು ಕಾಸ್ಮಿಕ್ ಪಾಲು. ಸಮುದ್ರ ಮಟ್ಟದಲ್ಲಿ ಗಂಟೆಗೆ ಸುಮಾರು 30 ನ್ಯಾನೋಸೀವರ್ಟ್ (ಸೀವರ್ಟ್ ಅಂದರೆ ದೇಹಕ್ಕೆ ತಾಗುವ ಡೋಸಿನ ಅಳತೆ, ನ್ಯಾನೋ ಅಂದರೆ ಅದರ ನೂರು ಕೋಟಿಯಲ್ಲಿ ಒಂದು ಭಾಗ) ಇರುವುದು, ಪ್ರತಿ ಒಂದೂವರೆ ಎರಡು ಸಾವಿರ ಮೀಟರಿಗೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಮೊದಲು ಹೇಳಿದ ಟಿಕ್‌ಟಿಕ್ ಏರಿಕೆಗೆ ಮುಖ್ಯ ಕಾರಣ ಇದೇ.

ಹಂತ 3: ಒಣಗಿಸಿ ಜರಡಿ ಹಿಡಿಯುವುದು

ಮಣ್ಣನ್ನು ತಟ್ಟೆಯಲ್ಲಿ ಹರಡಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಹೆಂಟೆ ಒಡೆದು 2 ಮಿಲಿಮೀಟರ್ ಜರಡಿಯಲ್ಲಿ ಸಾಣಿಸಿ. ಮೇಲೆ ಉಳಿದ ಕಲ್ಲು, ಬೇರುಗಳನ್ನು ಬೇರೆ ಬೇರೆ ತೂಗಿ ಬರೆಯಿರಿ. ಕೆಳಗೆ ಬಿದ್ದ ನುಣ್ಣನೆ ಮಣ್ಣಿನ ಒಟ್ಟು ತೂಕವೇ ಮುಂದಿನ ಲೆಕ್ಕದ ಬೆನ್ನೆಲುಬು, ಅದನ್ನು ಮರೆಯಬೇಡಿ. ಕೆಳಗಿನ ಪದರದಿಂದ ಶುರುಮಾಡಿ ಮೇಲಿನದಕ್ಕೆ ಬನ್ನಿ, ಆಗ ಜರಡಿಯಲ್ಲಿ ಉಳಿದ ಧೂಳಿನಿಂದ ಹೆಚ್ಚು ಕೆಡುವುದಿಲ್ಲ. ಮೂಗಿಗೆ ಮಾಸ್ಕ್ ಹಾಕಿ. ವಿಕಿರಣದ ಭಯಕ್ಕಲ್ಲ, ಸಿಲಿಕಾ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹಂತ 4: ಡಬ್ಬಿಗೆ ತುಂಬಿ ಕಾಯುವುದು

ಡಿಟೆಕ್ಟರಿನ ಸುತ್ತ ಟೋಪಿಯ ಹಾಗೆ ಕೂರುವ ಮರಿನೆಲ್ಲಿ ಬೀಕರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಟ್ಟಿ ಗೋಡೆಯ, ಚಪ್ಪಟೆ ತಳದ ಡಬ್ಬಿ ಸಾಕು. ಎಲ್ಲ ಮಾದರಿಗೂ ಒಂದೇ ಬಗೆಯ ಡಬ್ಬಿ, ಒಂದೇ ಎತ್ತರಕ್ಕೆ ತುಂಬಬೇಕು.

ಯುರೇನಿಯಂ ಸಂತತಿಯಲ್ಲಿ ರೇಡಿಯಂ-226 ಒಡೆದರೆ ರೇಡಾನ್-222 ಹುಟ್ಟುತ್ತದೆ, ಅದು ಅನಿಲ. ಮಣ್ಣು ಒಣಗಿಸಿ ಕುಟ್ಟುವಾಗ ಅದರಲ್ಲಿ ಒಂದಷ್ಟು ಹಾರಿಹೋಗಿರುತ್ತದೆ. ನಾವು ಅಳೆಯುವುದು ರೇಡಾನಿನ ಮಕ್ಕಳಾದ ಸೀಸ-214 ಮತ್ತು ಬಿಸ್ಮತ್-214 ಕಿರಣಗಳನ್ನು. ರೇಡಾನ್ ತಪ್ಪಿಸಿಕೊಂಡರೆ ರೇಡಿಯಂ ಕಡಿಮೆ ಇದೆ ಅಂತ ತಪ್ಪು ಅಂಕಿ ಬರುತ್ತದೆ. ಅದಕ್ಕೇ ಡಬ್ಬಿಯನ್ನು ಅಂಚಿನವರೆಗೆ ತುಂಬಿ, ಮೇಲೆ ಖಾಲಿ ಜಾಗ ಬಿಡದೆ, ಮುಚ್ಚಳ ಹಾಕಿ ಅಂಟು ಪಟ್ಟಿ ಸುತ್ತಿ, ನಾಲ್ಕು ವಾರ ಸುಮ್ನೆ ಇಟ್ಟುಬಿಡಿ. ರೇಡಾನಿನ ಅರ್ಧಾಯು 3.8 ದಿನ. ನಾಲ್ಕು ವಾರ ಅಂದರೆ ಏಳು ಅರ್ಧಾಯು ಕಳೆದು ಶೇ 99ಕ್ಕಿಂತ ಜಾಸ್ತಿ ಸಮತೋಲಕ್ಕೆ, ಅಂದರೆ ರೇಡಿಯಂ ಒಡೆಯುವಷ್ಟೇ ವೇಗದಲ್ಲಿ ರೇಡಾನೂ ಒಡೆಯುವ ಸ್ಥಿತಿಗೆ, ಬಂದಿರುತ್ತದೆ. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಇದು ಆಗುವುದಿಲ್ಲ, ಅದರ ಮೂಲಕ ರೇಡಾನ್ ನುಸುಳುತ್ತದೆ.

ಸೀಸಿಯಂ ಮಾತ್ರ ಬೇಕಿದ್ದರೆ ಕಾಯುವ ಅಗತ್ಯವಿಲ್ಲ. ಬೆರಿಲಿಯಂ-7 ಬೇಕಿದ್ದರಂತೂ ಕಾಯಲೇಬಾರದು.

ಹಂತ 5: ಎಣಿಸುವುದು

ಹೈ ಪ್ಯೂರಿಟಿ ಜರ್ಮೇನಿಯಂ ಡಿಟೆಕ್ಟರ್ ಇರುವ ವಿಶ್ವವಿದ್ಯಾಲಯ ಅಥವಾ ಪ್ರಯೋಗಾಲಯ ಸಿಕ್ಕರೆ ಬಿಡಬೇಡಿ. ಅದನ್ನು ದ್ರವ ಸಾರಜನಕದಿಂದಲೋ ವಿದ್ಯುತ್ ಕೂಲರಿನಿಂದಲೋ ತಣ್ಣಗಿಟ್ಟಿರುತ್ತಾರೆ, ಸುತ್ತ 10 ಸೆಂಟಿಮೀಟರ್ ದಪ್ಪದ ಸೀಸದ ಕೋಟೆ. ಹತ್ತಿರ ಹತ್ತಿರ ಇರುವ ಎರಡು ಗಾಮಾ ಗೆರೆಗಳನ್ನು (ಗೆರೆ ಅಂದರೆ ಒಂದು ವಿಕಿರಣಶೀಲ ವಸ್ತು ಬಿಡುವ ನಿರ್ದಿಷ್ಟ ಶಕ್ತಿಯ ಗಾಮಾ) ಅದು 2 ಕೆಇವಿ ಅಂತರದಲ್ಲೂ ಬೇರ್ಪಡಿಸುತ್ತದೆ. ಕೆಇವಿ ಅಂದರೆ ಸಾವಿರ ಎಲೆಕ್ಟ್ರಾನ್ ವೋಲ್ಟ್, ಗಾಮಾದ ಶಕ್ತಿಯ ಅಳತೆ. ಸೋಡಿಯಂ ಅಯೋಡೈಡ್ ಹರಳಿನ ಸಿಂಟಿಲೇಷನ್ ಡಿಟೆಕ್ಟರಿನಲ್ಲಿ ಸೀಸಿಯಂ ಗೆರೆಯೇ 45 ಕೆಇವಿ ಅಗಲದ ದಿಬ್ಬವಾಗಿ ಕಾಣುತ್ತದೆ. ಅದರಲ್ಲಿ ಪೊಟ್ಯಾಶಿಯಂ, ಥೋರಿಯಂ ಚೆನ್ನಾಗಿ ಗೊತ್ತಾಗುತ್ತವೆ, ಕಡಿಮೆ ಇರುವ ಸೀಸಿಯಂ ಗೊತ್ತಾಗುವುದಿಲ್ಲ.

ಮಣ್ಣಿಗೆ ಒಂದು ದಿನ ಪೂರ್ತಿ, ಅಂದರೆ 86,400 ಸೆಕೆಂಡ್ ಎಣಿಸುವುದು ರೂಢಿ. ಖಾಲಿ ಡಬ್ಬಿ ಇಟ್ಟು ಅಷ್ಟೇ ಹೊತ್ತು ಹಿನ್ನೆಲೆಯನ್ನೂ ಎಣಿಸಿ. ಕೋಣೆಯ ಗೋಡೆಯ ಪೊಟ್ಯಾಶಿಯಂ, ಕೋಣೆಯ ಗಾಳಿಯ ರೇಡಾನ್ ಎರಡೂ ಅದರಲ್ಲಿ ಕಾಣಿಸುತ್ತವೆ, ಅವನ್ನು ಕಳೆಯಬೇಕು.

ಡಿಟೆಕ್ಟರಿನ ದಕ್ಷತೆ, ಅಂದರೆ ಮಣ್ಣಿನಿಂದ ಹೊರಟ ಗಾಮಾಗಳಲ್ಲಿ ಎಷ್ಟು ಪಾಲನ್ನು ಅದು ಎಣಿಸುತ್ತದೆ ಅನ್ನುವುದು, ಗೊತ್ತಿಲ್ಲದೆ ಎಣಿಕೆಗೆ ಅರ್ಥವಿಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಆರ್‌ಜಿಯು-1, ಆರ್‌ಜಿಟಿಎಚ್-1, ಆರ್‌ಜಿಕೆ-1 ಎಂಬ ಮಾದರಿ ಪುಡಿಗಳು, ಐಎಇಎ-375 ಎಂಬ ಮಣ್ಣು ಇದಕ್ಕೆಂದೇ ಇವೆ. ಹವ್ಯಾಸಿಗಳಿಗೆ ಒಂದು ಅಗ್ಗದ ಉಪಾಯ ಇದೆ. ಶುದ್ಧ ಪೊಟ್ಯಾಶಿಯಂ ಕ್ಲೋರೈಡ್‌ನ ಪ್ರತಿ ಗ್ರಾಮಿನಲ್ಲಿ ಸುಮಾರು 16.4 ಬೆಕರೆಲ್ ಪೊಟ್ಯಾಶಿಯಂ-40 ಇದ್ದೇ ಇರುತ್ತದೆ. ಅದನ್ನು ಅದೇ ಡಬ್ಬಿಯಲ್ಲಿ ತುಂಬಿ ಎಣಿಸಿದರೆ 1,461 ಕೆಇವಿಯಲ್ಲಿ ನಿಮ್ಮ ದಕ್ಷತೆ ಸಿಕ್ಕಿಬಿಡುತ್ತದೆ.

ಹಂತ 6: ಗೆರೆಗಳನ್ನು ಓದುವುದು

ಪರದೆಯ ಮೇಲೆ ನೂರಾರು ಮುಳ್ಳುಗಳು ಕಾಣುತ್ತವೆ. ಬೇಕಾದವು ಕೆಲವೇ. ಪೊಟ್ಯಾಶಿಯಂ-40ಕ್ಕೆ 1,460.8 ಕೆಇವಿ, ಒಂದೇ ಗೆರೆ. ರೇಡಿಯಂಗೆ ಸೀಸ-214ರ 295.2 ಮತ್ತು 351.9, ಬಿಸ್ಮತ್-214ರ 609.3. ಥೋರಿಯಂಗೆ ಆಕ್ಟಿನಿಯಂ-228ರ 911.2, ಸೀಸ-212ರ 238.6, ಥಾಲಿಯಂ-208ರ 583.2. ಸೀಸಿಯಂ-137ಕ್ಕೆ 661.7.

ಒಂದು ಸಂತತಿಯ ಬೇರೆ ಬೇರೆ ಗೆರೆಗಳಿಂದ ಲೆಕ್ಕ ಹಾಕಿ, ಹೊಂದುತ್ತವಾ ಅಂತ ನೋಡಿ. ಥಾಲಿಯಂ-208ರ ಚಟುವಟಿಕೆ (ಬೆಕರೆಲ್ ಅಂಕಿ) ಆಕ್ಟಿನಿಯಂನದರ ಶೇ 36 ಇರಬೇಕು, ಯಾಕೆಂದರೆ ಸರಣಿ ಅಲ್ಲಿ ಕವಲೊಡೆಯುತ್ತದೆ. ಇದು ಗೊತ್ತಿಲ್ಲದೆ ಥೋರಿಯಂ ಅಂಕಿಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿಕೊಳ್ಳುವವರು ಇದ್ದಾರೆ.

ಬಲೆಗೆ ಬೀಳುವ ಜಾಗ ಮುಖ್ಯವಾಗಿ ಎರಡು. 186 ಕೆಇವಿಯಲ್ಲಿ ರೇಡಿಯಂ-226 ಮತ್ತು ಯುರೇನಿಯಂ-235 ಎರಡರ ಗೆರೆಯೂ ಒಂದರ ಮೇಲೊಂದು ಕೂತಿವೆ, ಜರ್ಮೇನಿಯಂ ಕೂಡ ಬೇರ್ಪಡಿಸಲಾರದು. ಆ ಗೆರೆಯನ್ನು ಪೂರ್ತಿ ರೇಡಿಯಂ ಲೆಕ್ಕಕ್ಕೆ ಬರೆದರೆ ಅಂಕಿ ದುಪ್ಪಟ್ಟಿನ ಹತ್ತಿರ ಹೋಗುತ್ತದೆ. ಇನ್ನೊಂದು ಸೀಸಿಯಂ-134. ಅದರ ಗೆರೆ 604.7, ಬಿಸ್ಮತ್-214ರದ್ದು 609.3. ಸೋಡಿಯಂ ಅಯೋಡೈಡಿನಲ್ಲಿ ಎರಡೂ ಒಂದೇ ದಿಬ್ಬ. ಸೀಸಿಯಂ-134ರ ಅರ್ಧಾಯು ಬರೀ 2 ವರ್ಷ, ಚೆರ್ನೋಬಿಲ್‌ನದ್ದು ಈಗ ಲಕ್ಷದಲ್ಲಿ ಒಂದು ಭಾಗವೂ ಉಳಿದಿಲ್ಲ. ಹಾಗಾಗಿ ಬೆಟ್ಟದ ಮಣ್ಣಿನಲ್ಲಿ ಸೀಸಿಯಂ-134 ಸಿಕ್ಕಿತು ಅಂದರೆ, ಸುದ್ದಿ ಹಬ್ಬಿಸುವ ಮೊದಲು 795.9 ಕೆಇವಿಯಲ್ಲಿ ಅದರ ಎರಡನೇ ಗೆರೆ ಇದೆಯಾ ನೋಡಿ.

ಯುರೇನಿಯಂ ಮತ್ತು ರೇಡಿಯಂ ಅಂಕಿ ಒಂದೇ ಇರಬೇಕು ಅಂತೇನಿಲ್ಲ. ಬಂಡೆಯಲ್ಲಿ ಜೊತೆಗಿದ್ದರೂ ಮಣ್ಣಿನಲ್ಲಿ ನೀರು ಯುರೇನಿಯಂ ಕರಗಿಸಿ ಒಯ್ಯುತ್ತದೆ, ಜೌಗಿನ ಕಪ್ಪು ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಸ್ಮತ್‌ನಿಂದ ಪಡೆದ ಅಂಕಿಯನ್ನು "ಯುರೇನಿಯಂ" ಅಂತ ಬರೆಯಬೇಡಿ, "ರೇಡಿಯಂ-226" ಅಂತಲೇ ಬರೆಯಿರಿ.

ಸ್ಟ್ರಾನ್ಷಿಯಂ-90 ಈ ಪರದೆಯಲ್ಲಿ ಕಾಣುವುದೇ ಇಲ್ಲ. ಅದು ಬೀಟಾ ಮಾತ್ರ ಬಿಡುತ್ತದೆ, ರಾಸಾಯನಿಕವಾಗಿ ಬೇರ್ಪಡಿಸಿ ಅಳೆಯಬೇಕು.

ಹಂತ 7: ಲೆಕ್ಕ

ಸೂತ್ರ ಸರಳ. ಹಿನ್ನೆಲೆ ಕಳೆದು ಉಳಿದ ಎಣಿಕೆಯನ್ನು ದಕ್ಷತೆ, ಗಾಮಾ ಪ್ರಮಾಣ (ಒಡೆಯುವ ಪರಮಾಣುಗಳಲ್ಲಿ ಎಷ್ಟು ಪಾಲು ಆ ಗೆರೆಯ ಗಾಮಾ ಬಿಡುತ್ತವೆ ಅನ್ನುವುದು), ಸೆಕೆಂಡು, ಕಿಲೋ, ಈ ನಾಲ್ಕರ ಗುಣಲಬ್ಧದಿಂದ ಭಾಗಿಸಿ. ಉದಾಹರಣೆಗೆ 661.7ರಲ್ಲಿ 6,000 ಎಣಿಕೆ, ದಕ್ಷತೆ 0.02, ಗಾಮಾ ಪ್ರಮಾಣ 0.85, ಸಮಯ 86,400 ಸೆಕೆಂಡ್, ಮಣ್ಣು 0.4 ಕಿಲೋ ಅಂದರೆ, ಕಿಲೋಗೆ 10.2 ಬೆಕರೆಲ್ ಸೀಸಿಯಂ. ಗೆರೆ ಕಾಣದಿದ್ದರೆ ಸೊನ್ನೆ ಬರೆಯಬೇಡಿ. "ಇಷ್ಟಕ್ಕಿಂತ ಕಡಿಮೆ" ಅಂತ ಪತ್ತೆಯ ಮಿತಿ ಬರೆಯಿರಿ.

ಇಷ್ಟಕ್ಕೇ ಹೆಚ್ಚಿನವರು ನಿಲ್ಲಿಸುತ್ತಾರೆ. ಬಂಡೆಯಿಂದ ಬಂದದ್ದಕ್ಕೆ ಕಿಲೋ ಲೆಕ್ಕ ಸರಿ, ಅದು ಮಣ್ಣಿನ ಕಣದ ಒಳಗೇ ಇದೆ. ಆಕಾಶದಿಂದ ಬಿದ್ದದ್ದಕ್ಕೆ ಚದರ ಮೀಟರ್ ಲೆಕ್ಕ ಬೇಕು, ಮಳೆ ಬೀಳುವುದು ನೆಲದ ಮೇಲೆ ಅಲ್ವಾ? ಪ್ರತಿ ಪದರದ ಬೆಕರೆಲ್ ಅಂಕಿಯನ್ನು ಆ ಪದರದ ಒಣ ನುಣ್ಣನೆ ಮಣ್ಣಿನ ತೂಕದಿಂದ ಗುಣಿಸಿ, ಚೌಕಟ್ಟಿನ ವಿಸ್ತೀರ್ಣದಿಂದ ಭಾಗಿಸಿ, ಎಲ್ಲ ಪದರ ಕೂಡಿ.

ಒಂದು ಕಾಲ್ಪನಿಕ ಗುಂಡಿ ತೆಗೆದುಕೊಳ್ಳೋಣ. ಚೌಕಟ್ಟು 0.04 ಚದರ ಮೀಟರ್. 0–2 ಸೆಂಟಿಮೀಟರ್ ಪದರ ಹಗುರ, ಬರೀ 0.3 ಕಿಲೋ, ಕಿಲೋಗೆ 60 ಬೆಕರೆಲ್. 2–5ರಲ್ಲಿ 1 ಕಿಲೋ, 45 ಬೆಕರೆಲ್. 5–10ರಲ್ಲಿ 2 ಕಿಲೋ, 15 ಬೆಕರೆಲ್. 10–20ರಲ್ಲಿ 4.5 ಕಿಲೋ, 2 ಬೆಕರೆಲ್. ಚದರ ಮೀಟರಿಗೆ ಕ್ರಮವಾಗಿ 450, 1,125, 750, 225, ಒಟ್ಟು 2,550 ಬೆಕರೆಲ್. ಕಿಲೋ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಅನ್ನಿಸಿದ ಮೇಲಿನ ಪದರದ ಪಾಲು ಐದರಲ್ಲಿ ಒಂದೂ ಇಲ್ಲ. ಮೇಲಿನ 2 ಸೆಂಟಿಮೀಟರ್ ಮಾತ್ರ ಕೆರೆದು ತಂದು 60 ಬೆಕರೆಲ್ ಅಂತ ವರದಿ ಬರೆದರೆ, ಹೊಲದ 8 ಬೆಕರೆಲ್ ಜೊತೆ ಅದನ್ನು ಹೋಲಿಸಿದರೆ, ಬೆಟ್ಟದಲ್ಲಿ ಏಳೆಂಟು ಪಟ್ಟು ಜಾಸ್ತಿ ಬಿದ್ದಿದೆ ಅನ್ನಿಸುತ್ತದೆ. ಉತ್ತ ಹೊಲದಲ್ಲಿ ಅದೇ ಸೀಸಿಯಂ ನೇಗಿಲಿನ ಆಳಕ್ಕೆ ಕಲಸಿಹೋಗಿರುತ್ತದೆ ಅಷ್ಟೇ. 20 ಸೆಂಟಿಮೀಟರ್ ಆಳ, ಚದರ ಮೀಟರಿಗೆ 260 ಕಿಲೋ ಮಣ್ಣು ಅಂತ ಇಟ್ಟುಕೊಂಡರೆ ಆ 8 ಬೆಕರೆಲ್ ಹೊಲದಲ್ಲಿ ಬಿದ್ದಿರುವುದು 2,080, ಬೆಟ್ಟಕ್ಕಿಂತ ಸ್ವಲ್ಪವೇ ಕಡಿಮೆ.

ದಿನಾಂಕವೂ ಬರೆಯಬೇಕು. ಸೀಸಿಯಂ ಪ್ರತಿ ವರ್ಷ ಶೇ 2.3ರಷ್ಟು ಒಡೆದು ಕಡಿಮೆಯಾಗುತ್ತದೆ. 1986ರಲ್ಲಿ ಬಿದ್ದದ್ದರಲ್ಲಿ 2026ಕ್ಕೆ ಉಳಿಯುವುದು ಶೇ 40. ಹಳೇ ವರದಿಯ ಜೊತೆ ಹೋಲಿಸುವಾಗ ಎರಡನ್ನೂ ಒಂದೇ ದಿನಾಂಕಕ್ಕೆ ತನ್ನಿ.

ಹಂತ 8: ಅಂಕಿಯ ಅರ್ಥ

ಅನ್‌ಸ್ಕಿಯರ್ ಎಂದು ಕರೆಯುವ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ 2000ರ ವರದಿಯಲ್ಲಿ ಜಗತ್ತಿನ ಮಣ್ಣಿನ ನಡುಮಟ್ಟ ಕೊಟ್ಟಿದೆ. ಕಿಲೋಗೆ ಪೊಟ್ಯಾಶಿಯಂ-40 400, ರೇಡಿಯಂ-226 35, ಥೋರಿಯಂ-232 30 ಬೆಕರೆಲ್. ಗ್ರಾನೈಟ್ ಮೇಲಿನ ಮಣ್ಣಿನಲ್ಲಿ ಪೊಟ್ಯಾಶಿಯಂ 1,000 ದಾಟಿದರೂ ಆಶ್ಚರ್ಯಪಡಬೇಕಿಲ್ಲ.

ಗಾಳಿಯಲ್ಲಿ ಎಷ್ಟು ಡೋಸ್ ಅಂತ ತಿಳಿಯಲು ಪೊಟ್ಯಾಶಿಯಂ ಅಂಕಿಯನ್ನು 0.0417, ರೇಡಿಯಮ್ಮಿನದನ್ನು 0.462, ಥೋರಿಯಮ್ಮಿನದನ್ನು 0.604ರಿಂದ ಗುಣಿಸಿ ಕೂಡಿ. ಗಂಟೆಗೆ ನ್ಯಾನೋಗ್ರೇ ಸಿಗುತ್ತದೆ. ಗ್ರೇ ಅಂದರೆ ವಸ್ತು ಹೀರಿದ ವಿಕಿರಣ ಶಕ್ತಿಯ ಅಳತೆ. 800, 40, 60 ಇದ್ದ ಮಣ್ಣಿಗೆ ಸುಮಾರು 88 ಬರುತ್ತದೆ. ದಿನದ ಐದರಲ್ಲಿ ಒಂದು ಪಾಲು ಹೊರಗಿರುತ್ತೇವೆ ಅಂತ ಹಿಡಿದು, ಗ್ರೇಯಿಂದ ಸೀವರ್ಟ್‌ಗೆ 0.7 ಬಳಸಿದರೆ ವರ್ಷಕ್ಕೆ 0.11 ಮಿಲಿಸೀವರ್ಟ್. ಎಲ್ಲ ಸಹಜ ಮೂಲಗಳಿಂದ ಮನುಷ್ಯನಿಗೆ ಬರುವ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್, ಅದರಲ್ಲಿ ದೊಡ್ಡ ಪಾಲು ಮನೆಯೊಳಗಿನ ರೇಡಾನಿನದು. ಹಾಗಾಗಿ ಗ್ರಾನೈಟ್ ಬೆಟ್ಟದಲ್ಲಿ ನಡೆದಾಡುವುದಕ್ಕಿಂತ, ಅದೇ ನೆಲದ ಮೇಲೆ ಕಿಟಕಿ ಮುಚ್ಚಿದ ಮನೆಯಲ್ಲಿ ಇರುವುದು ಹೆಚ್ಚು ಗಮನಿಸಬೇಕಾದ ವಿಷಯ. ರೇಡಿಯಂ ಸಮಾನಕ್ಕೆ (ಈ ಮೂರರ ವಿಕಿರಣವನ್ನೂ ಸೇರಿಸಿ ರೇಡಿಯಂ ಲೆಕ್ಕಕ್ಕೆ ತಂದ ಒಂದೇ ಅಂಕಿ) ಕಿಲೋಗೆ 370 ಬೆಕರೆಲ್ ಮಿತಿ ಅಂತ ಕೆಲವು ವರದಿಗಳಲ್ಲಿ ಕಾಣುತ್ತದೆ. ಅದು ಕಟ್ಟಡ ಸಾಮಗ್ರಿಗೆ ಹಾಕಿಕೊಂಡ ಲೆಕ್ಕ, ಬೆಟ್ಟದ ನೆಲಕ್ಕೆ ಅದನ್ನು ಅನ್ವಯಿಸಿ ಹೆದರಿಸುವುದು ಸರಿಯಲ್ಲ.

ಸೀಸಿಯಂ ವಿಷಯದಲ್ಲಿ ಹೊರಗಿನ ಡೋಸ್‌ಗಿಂತ ಆಹಾರದ ದಾರಿ ನೋಡಬೇಕು. ಅಣಬೆ, ಹುಲ್ಲು ಮೇಯುವ ಪ್ರಾಣಿ, ಕಾಡುಹಂದಿ. ಜರ್ಮನಿಯ ಬವೇರಿಯಾದ ಕಾಡುಹಂದಿಗಳಲ್ಲಿ ದಶಕಗಳ ನಂತರವೂ ಸೀಸಿಯಂ ಇಳಿದಿಲ್ಲ. ಅದರಲ್ಲಿ ಚೆರ್ನೋಬಿಲ್ ಜೊತೆಗೆ ಅಣ್ವಸ್ತ್ರ ಪರೀಕ್ಷೆಗಳ ಪಾಲೂ ಗಣನೀಯ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಸೀಸಿಯಂ ಯಾವ ಘಟನೆಯದು ಅಂತ ಬೇರ್ಪಡಿಸಲು ಪ್ಲುಟೋನಿಯಂ ಬೇಕಾಗುತ್ತದೆ. ಪ್ಲುಟೋನಿಯಂ-240 ಮತ್ತು 239ರ ಪರಮಾಣು ಅನುಪಾತ ಅಣ್ವಸ್ತ್ರ ಪರೀಕ್ಷೆಗಳದ್ದಾದರೆ ಸುಮಾರು 0.18, ಚೆರ್ನೋಬಿಲ್‌ನದ್ದಾದರೆ ಸುಮಾರು 0.4. ಇದಕ್ಕೆ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು, ಖರ್ಚು ಜಾಸ್ತಿ.

ಮಣ್ಣು ಕೊಚ್ಚಿಹೋಗುವುದನ್ನು ಅಳೆಯುವುದಕ್ಕೂ ಇದೇ ಅಂಕಿಗಳನ್ನು ಬಳಸುತ್ತಾರೆ. ಕೆದಕದ ಸಮತಟ್ಟು ತಾಣದಲ್ಲಿ ಚದರ ಮೀಟರಿಗೆ 2,000 ಬೆಕರೆಲ್ ಇದ್ದು, ಪಕ್ಕದ ಇಳಿಜಾರಿನಲ್ಲಿ 1,400 ಸಿಕ್ಕರೆ, ಅಲ್ಲಿಂದ ಮೇಲ್ಮಣ್ಣು ಹೋಗಿದೆ. ಇಳಿಜಾರಿನ ಬುಡದಲ್ಲಿ 2,600 ಸಿಕ್ಕರೆ, ಅಲ್ಲಿ ಬಂದು ಕೂತಿದೆ. ಆದರೆ ಈ ಲೆಕ್ಕ ನಿಂತಿರುವುದು ಮೊದಲು ಎಲ್ಲ ಕಡೆ ಒಂದೇ ಸಮ ಬಿದ್ದಿತ್ತು ಎಂಬ ನಂಬಿಕೆಯ ಮೇಲೆ. ವರ್ಷಗಟ್ಟಲೆ ನಿಧಾನವಾಗಿ ಬಿದ್ದ ಪರೀಕ್ಷೆಗಳ ಧೂಳಿಗೆ ಅದು ಒಪ್ಪುತ್ತದೆ. ಕೆಲವೇ ಮಳೆಯಲ್ಲಿ, ಹಿಮದ ಮೇಲೆ ಬಿದ್ದ ಚೆರ್ನೋಬಿಲ್ ಸೀಸಿಯಮ್ಮಿಗೆ ಒಪ್ಪುವುದಿಲ್ಲ. ಅದಕ್ಕೇ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಹುಲ್ಲುಗಾವಲುಗಳಲ್ಲಿ ಕೆಲಸ ಮಾಡಿದ ಸಂಶೋಧಕರು ಸೀಸಿಯಂ ಬಿಟ್ಟು ಪ್ಲುಟೋನಿಯಂ 239 ಮತ್ತು 240ರ ಕಡೆ ತಿರುಗಿದರು. ನಿಮ್ಮ ತಾಣದ ಹತ್ತು ಗುಂಡಿಗಳ ನಡುವಿನ ವ್ಯತ್ಯಾಸ, ಇಳಿಜಾರಿಗೂ ಸಮತಟ್ಟಿಗೂ ಇರುವ ವ್ಯತ್ಯಾಸದಷ್ಟೇ ಇದ್ದರೆ ಸವಕಳಿಯ ಬಗ್ಗೆ ಏನೂ ಹೇಳಬೇಡಿ.

ವರದಿಯಲ್ಲಿ ಪ್ರತಿ ಅಂಕಿಯ ಪಕ್ಕ ಅನಿಶ್ಚಿತತೆ, ಆಳ, ಒಣ ತೂಕ, ಕಲ್ಲಿನ ಪ್ರಮಾಣ, ಅಗೆದ ದಿನ, ಯಾವ ದಿನಕ್ಕೆ ಲೆಕ್ಕ ತಂದದ್ದು, ಇಷ್ಟೂ ಇರಲಿ. ಎಣಿಸಿ ಮುಗಿದ ಡಬ್ಬಿಗಳನ್ನು ಚೀಟಿ ಸಮೇತ ಎತ್ತಿಡಿ. ಮಣ್ಣು ಎಣಿಕೆಯಿಂದ ಹಾಳಾಗುವುದಿಲ್ಲ, ಒಳ್ಳೆಯ ಡಿಟೆಕ್ಟರ್ ಸಿಕ್ಕಾಗ ಅದನ್ನೇ ಮತ್ತೆ ಇಡಬಹುದು.